ನಲವತ್ತೊಂದನೇ ನಂಬರಿನ ನೋಟ್‌ಬುಕ್

ಕಪಾಟಿನ ಬೀಗ ಒಡೆದಿರಲಿಲ್ಲ. ಒಳಗೆ ನೋಟ್‌ಬುಕ್‌ಗಳು ಎಂದಿನಂತೆ ನಂಬರಿನ ಪ್ರಕಾರ ಸಾಲಾಗಿ ನಿಂತಿದ್ದವು. ನಲವತ್ತು ಇತ್ತು. ನಲವತ್ತೆರಡು ಇತ್ತು. ನಡುವೆ ಒಂದು ಬೆರಳಿನಷ್ಟು ಸಂದು.

"ಅಕ್ಕಾ, ನಂದಿಲ್ಲ," ಅಂದಳು ಅಂಜಲಿ.

"ಚಲೋ ನೋಡು. ಯಾರರ ಬ್ಯಾರೆ ಕಡೆ ಇಟ್ಟಿರಬೇಕು."

"ನಿನ್ನೆ ಮೂರು ಗಂಟೆಗೆ ನಾನೇ ಇಟ್ಟೀನಿ. ನಾನೇ ಬೀಗ ಹಾಕಿ ಪಾಲಪ್ಪಗ ಕೀಲಿ ಕೊಟ್ಟೀನಿ."

ಭುವನೇಶ್ವರಿ ಎರಡು ಸಲ ಎಣಿಸಿದಳು. ಕೆಳಗಿನ ಅರೆ ನೋಡಿದಳು. ಕ್ಯಾಮೆರಾದ ಖಾಲಿ ಚೀಲ ಎತ್ತಿ ಅದರ ಹಿಂದೆ ನೋಡಿದಳು. ಇರಲಿಲ್ಲ. ಬೆಳಿಗ್ಗೆ ಒಂಬತ್ತೂವರೆ ಆಗಿತ್ತು. ಅಂಜಲಿಯ ವೈವಾ ಮರುದಿನ ಹತ್ತು ಗಂಟೆಗೆ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ, ಕಡ್ಡಿರಾಂಪುರದ ಹತ್ತಿರ ಇದ್ದ ಆ ಸ್ನಾತಕೋತ್ತರ ಕೇಂದ್ರದ ಪತ್ರಿಕೋದ್ಯಮ ವಿಭಾಗದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಪ್ರಬಂಧ ಬರೆಯುವ ವಿದ್ಯಾರ್ಥಿಗೆ ವಿಭಾಗವೇ ಒಂದು ನೋಟ್‌ಬುಕ್ ಕೊಡುತ್ತಿತ್ತು. ಪ್ರತಿ ಪುಟಕ್ಕೂ ನಂಬರು, ಪ್ರತಿ ಪುಟಕ್ಕೂ ಸೀಲು. ಊರೂರು ತಿರುಗಿ ಕೇಳಿದ್ದೆಲ್ಲ ಅದರಲ್ಲೇ ಬರೆಯಬೇಕು. ಹಾಳೆ ಹರಿಯುವಂತಿಲ್ಲ. ವೈವಾಕ್ಕೆ ಬರುವ ಪರೀಕ್ಷಕರು ಮೊದಲು ತೆರೆಯುವುದು ಅದನ್ನೇ. ಅದಿಲ್ಲದಿದ್ದರೆ ಪ್ರಬಂಧ ಇಲ್ಲ.

ಭುವನೇಶ್ವರಿಗೆ ನಲವತ್ತೈದು ವರ್ಷ. ತರಗತಿಯ ಉಳಿದವರಿಗೆ ಇಪ್ಪತ್ತೆರಡು, ಇಪ್ಪತ್ತಮೂರು. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಮಾರೇಶ್ ಒಬ್ಬ ಮಾತ್ರ ಜಗಳವಾದಾಗ ಆಂಟಿ ಅನ್ನುತ್ತಿದ್ದ. ಒಂದು ಕಾಲದಲ್ಲಿ ಅವಳು ಹೊಸಪೇಟೆಯ ಸಂಜೆ ಪತ್ರಿಕೆಯೊಂದರಲ್ಲಿ ಟೈಪು ಮಾಡುತ್ತಿದ್ದಳು. ಆ ಪತ್ರಿಕೆ ಮುಚ್ಚಿತು. ಆಮೇಲೆ ಮನೆ, ಅಡುಗೆ, ಮಗಳು. ಮಗಳ ಮದುವೆ ಮುಗಿದ ವರ್ಷ, ಇನ್ನೊಬ್ಬರು ಬರೆದದ್ದನ್ನೇ ಹನ್ನೊಂದು ವರ್ಷ ಟೈಪು ಮಾಡಿದ್ದೇನೆ, ಒಂದಾದರೂ ನಾನು ಬರೆಯಬೇಕು ಅನ್ನಿಸಿ ಅರ್ಜಿ ಹಾಕಿದ್ದಳು. ಗಂಡ ನಕ್ಕಿದ್ದ. ಆ ನಗು ಅವಳಿಗೆ ಇನ್ನೂ ನೆನಪಿತ್ತು.

ಬಾಗಿಲಲ್ಲಿ ಪಾಲಪ್ಪ ಕಾಣಿಸಿಕೊಂಡ. ವಿಭಾಗದ ಅಟೆಂಡರು.

"ಅಂಜಲವ್ವ, ಮೇಡಂ ಕರೀತಾರ. ಜಲ್ದಿ ಬರಬೇಕಂತ."

\*

ವಿಭಾಗದ ಮುಖ್ಯಸ್ಥೆ ದೇವಿಕಾ ಮೇಡಂ ಮೇಜಿನ ಮೇಲೆ ಎರಡು ಹಾಳೆ ಹರಡಿಕೊಂಡು ಕೂತಿದ್ದರು. ಭುವನೇಶ್ವರಿ ಅಂಜಲಿಯ ಹಿಂದೆಯೇ ಒಳಗೆ ಹೋದಳು. ಮೇಡಂ ಬೇಡ ಅನ್ನಲಿಲ್ಲ.

"ಬೆಳಿಗ್ಗೆ ಬಾಗಿಲ ಕೆಳಗೆ ಸಿಕ್ತು. ಓದಿ."

ನೀಲಿ ಬಾಲ್‌ಪೆನ್ನು. ಅಕ್ಷರಗಳನ್ನು ಬೇಕೆಂದೇ ನೆಟ್ಟಗೆ, ಒಂದೊಂದಾಗಿ ಕೆತ್ತಿದ ಹಾಗೆ ಬರೆದಿತ್ತು. ಕೆಳಗೆ ಸಹಿ ಇಲ್ಲ.

'ಅಂತಿಮ ವರ್ಷದ ವಿದ್ಯಾರ್ಥಿನಿ ಅಂಜಲಿ ಸಂಡೂರಿನಲ್ಲಿ ಮಾಡಿದ್ದೇನೆಂದು ಹೇಳುವ ಸಂದರ್ಶನ ಕಲ್ಪಿತ. ಹತ್ತೊಂಬತ್ತು ವರ್ಷದ ಹಿಂದೆ ಗಣಿಯಲ್ಲಿ ಅದಿರಿನ ಕುಪ್ಪೆ ಕುಸಿದು ಮೂವರು ಕೂಲಿ ಹೆಂಗಸರು ಸತ್ತರು ಎಂದು ಹೇಳಿದ ಹೆಂಗಸೇ ಇಲ್ಲ. ಅದು ಲಾರಿ ಅಪಘಾತವೆಂದು ಅಂದಿನ ಪತ್ರಿಕೆಯಲ್ಲೇ ಬಂದಿದೆ.'

ಮೊದಲ ಹಾಳೆ ಅಲ್ಲಿಗೆ ಮುಗಿದಿತ್ತು. ಕೆಳಗೆ ಮೂರು ಬೆರಳು ಜಾಗ ಖಾಲಿ ಇತ್ತು. ಎರಡನೇ ಹಾಳೆಯಲ್ಲಿ ಒಂದೇ ಪ್ಯಾರಾ. ವಿಭಾಗದ ಮರ್ಯಾದೆ ಉಳಿಯಬೇಕಾದರೆ ಅವಳ ನೋಟ್‌ಬುಕ್ ತರಿಸಿ ನೋಡಿ ಎಂದು. ಎರಡೂ ಹಾಳೆಗಳ ಹಿಂಬದಿ ಬಿಳಿ.

ಆ ಹಾಳೆಗಳಲ್ಲಿ ಏನೋ ಭುವನೇಶ್ವರಿಗೆ ಪರಿಚಿತವಾಗಿತ್ತು. ಅಕ್ಷರ ಅಲ್ಲ. ಏನೆಂದು ತಿಳಿಯಲಿಲ್ಲ.

"ನೋಟ್‌ಬುಕ್ ಕೊಡಮ್ಮ, ಮುಗಿಸಿಬಿಡೋಣ," ಅಂದರು ದೇವಿಕಾ.

"ಅದಿಲ್ಲ ಮೇಡಂ. ಕಳುವಾಗೈತಿ."

ದೇವಿಕಾ ಕನ್ನಡಕ ತೆಗೆದರು. ಅವರು ಮೈಸೂರಿನ ಕಡೆಯವರು. ಸಿಟ್ಟು ಬಂದಾಗ ದನಿ ಇನ್ನೂ ಮೆತ್ತಗಾಗುತ್ತಿತ್ತು.

"ಹಾಗಾದರೆ ಆ ಹೆಣ್ಣುಮಗಳ ಹೆಸರು, ಫೋನ್ ನಂಬರ್ ಕೊಡು. ನಾನೇ ಮಾತಾಡ್ತೀನಿ."

"ಕೊಡಲ್ಲ ಮೇಡಂ."

"ಅಂಜಲಿ."

"ಹೆಸರು ಹೇಳಲ್ಲ ಅಂತ ಆಣಿ ಮಾಡೀನಿ. ಆಕಿ ಮಗಳು ಇನ್ನಾ ಅಲ್ಲೇ ಕೆಲಸ ಮಾಡ್ತಾಳ್ರಿ. ಗೊತ್ತಾದ್ರ ನಾಳಿಗೇ ಗೇಟಿನಿಂದ ಹೊರಗ ಹಾಕ್ತಾರ."

"ನಾಲ್ಕು ಗಂಟೆಗೆ ಸಮಿತಿ ಕೂರುತ್ತೆ. ಪರೀಕ್ಷಕರು ಅಷ್ಟರಲ್ಲಿ ಬಂದಿರ್ತಾರೆ. ಒಂದೋ ನೋಟ್‌ಬುಕ್, ಇಲ್ಲಾ ಹೆಸರು. ಎರಡೂ ಇಲ್ಲದಿದ್ದರೆ ನಾಳೆ ನಿನ್ನ ವೈವಾ ಇಲ್ಲ. ಈ ವರ್ಷವೇ ಹೋದಂತೆ."

ಅಂಜಲಿಯ ಅವ್ವ ಕರೆಮ್ಮ ಹೊಸಪೇಟೆ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸುವವಳು. ಚಿತ್ತವಾಡ್ಗಿಯ ಅವರ ಓಣಿಯಲ್ಲಿ ಎಂ.ಎ. ತನಕ ಬಂದ ಮೊದಲ ಹುಡುಗಿ ಇವಳು. ಬಳ್ಳಾರಿಯ ಒಂದು ಸುದ್ದಿ ಕಚೇರಿಯವರು ಫಲಿತಾಂಶ ತಂದು ಕೆಲಸಕ್ಕೆ ಸೇರು ಎಂದಿದ್ದರು. ಇದೆಲ್ಲ ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಅಂಜಲಿ ಅಳಲಿಲ್ಲ. ವೇಲಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಹೆತ್ತವಳ ಹಾಗೆ ಅವಳ ಕೈ ಹಿಡಿಯಬೇಕು ಅನ್ನಿಸಿತು ಭುವನೇಶ್ವರಿಗೆ. ಹಿಡಿಯಲಿಲ್ಲ. ಈ ಹುಡುಗಿಗೆ ಬೇಕಾದದ್ದು ಅದಲ್ಲ.

\*

ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಇಬ್ಬರೂ ಕೂತರು.

"ಒಂದೊಂದೇ ಹೇಳು. ಆಕಿ ಏನಂದ್ಲು ಅನ್ನೋದು ಯಾರಿಗೆ ಹೇಳಿದ್ದಿ?"

"ಯಾರಿಗೂ ಇಲ್ಲಕ್ಕ. ನಿನಗೂ ಹೇಳಿಲ್ಲಲ್ಲ."

"ಕುಪ್ಪೆ ಕುಸೀತು ಅನ್ನೋ ಮಾತು ನೋಟ್‌ಬುಕ್‌ನಾಗ ಬಿಟ್ರ ಎಲ್ಲರ ಐತೇನು?"

"ಇಲ್ಲ. ಪ್ರಬಂಧದಾಗ ಆ ಅಧ್ಯಾಯ ಇನ್ನಾ ಕೊಟ್ಟಿಲ್ಲ, ನಾಳೆ ವೈವಾದಾಗ ಕೊಡಬೇಕು."

"ಹಂಗಾದ್ರ ಪತ್ರ ಬರ್ದಾವ ನೋಟ್‌ಬುಕ್ ಓದ್ಯಾನ. ಕದ್ದಾವ, ಬರ್ದಾವ ಇಬ್ರೂ ಒಬ್ಬನೇ." ಭುವನೇಶ್ವರಿ ಯೋಚಿಸಿದಳು. "ಫೋನ್‌ನಾಗ ಫೋಟೋ ತಗೊಂಡಿಲ್ಲೇನು?"

"ಜಂಬುನಾಥ್ ಸರ್ ಕ್ಲಾಸ್‌ನಾಗ ಹೇಳಿದ್ರಲ್ಲ, ಗುಟ್ಟಿನ ಮಾತು ಫೋನ್‌ನಾಗ ಇರಬಾರ್ದು ಅಂತ. ಆಕಿನೂ ರೆಕಾರ್ಡ್ ಬ್ಯಾಡ ಅಂದ್ಲು."

"ಬ್ಯಾರೆ ಯಾರನ್ನಾದ್ರೂ ಏನಾದ್ರೂ ಕೇಳಿದ್ದೇನು?"

"ಆ ಕಾಲಕ್ಕ ಸಂಡೂರಿನ ವರದಿಗಾರ ಯಾರಿದ್ರು ಅಂತ ನಾಕಾರು ಮಂದಿನ್ನ ಕೇಳೀನಿ. ಲೈಬ್ರರಿಯವರನ್ನ, ಜಂಬುನಾಥ್ ಸರ್‌ನ, ಹಳೇ ಪೇಪರ್ ಏಜೆಂಟ್‌ನ. ಯಾರಿಗೂ ನೆನಪಿಲ್ಲ." ಅವಳು ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದಳು. "ಇದೊಂದೇ ಸಿಕ್ಕಿದ್ದು."

'ಲಾರಿ ಉರುಳಿ ಮೂವರು ಮಹಿಳೆಯರ ಸಾವು.' ಕೆಳಗೆ ಹೆಸರಿಲ್ಲ. 'ನಮ್ಮ ವರದಿಗಾರರಿಂದ' ಎಂದಷ್ಟೇ. ಪುಟದ ತುದಿಯಲ್ಲಿ ಪತ್ರಿಕೆಯ ಹೆಸರು. ಭುವನೇಶ್ವರಿ ಹನ್ನೊಂದು ವರ್ಷ ಕೂತಿದ್ದ ಕಚೇರಿಯ ಪತ್ರಿಕೆ.

ಅವಳು ಅದನ್ನು ಮಡಚಿ ಹಿಂದಕ್ಕೆ ಕೊಟ್ಟಳು. ಆ ತಲೆಬರಹ ಅವಳಿಗೆ ಹೊಸದಾಗಿರಲಿಲ್ಲ.

\*

ಪಾಲಪ್ಪನ ಹತ್ತಿರ ಕೀಲಿಯ ರಿಜಿಸ್ಟರ್ ಇತ್ತು. ನಿನ್ನೆ ಅಂಜಲಿಯ ನಂತರ ಒಂದೇ ಹೆಸರು. ಮಾರೇಶ್, ಕ್ಯಾಮೆರಾ, ನಾಲ್ಕು ಹತ್ತು.

"ಇವನ ಬಿಟ್ರ ಯಾರೂ ಕೀಲಿ ಒಯ್ದಿಲ್ಲೇನು?"

"ಹುಡುಗ್ರು ಯಾರೂ ಇಲ್ಲವ್ವ. ನಾನು ಬರಸಿಕೊಳ್ಳದ ಕೊಡಾವಲ್ಲ."

ಮಾರೇಶನ ಮೇಲೆ ಅನುಮಾನ ಬರಲು ಕಾರಣ ಬೇಕಿರಲಿಲ್ಲ. ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಸಂಪಾದಕನಾಗಬೇಕೆಂದು ಅವನಿಗೆ ಆಸೆಯಿತ್ತು. ಮೇಡಂ ಅಂಜಲಿಯನ್ನು ಆರಿಸಿದ್ದರು. ಎರಡು ತಿಂಗಳಿಂದ ಅವನು ಅವಳ ಜತೆ ಮಾತು ಬಿಟ್ಟಿದ್ದ.

"ನಿನ್ನೆ ಸಂಜಿ ಎಲ್ಲಿದ್ದಿ?" ಕ್ಯಾಂಟೀನಿನಲ್ಲಿ ಕೇಳಿದಳು ಭುವನೇಶ್ವರಿ.

"ಹಾಸ್ಟೆಲ್‌ನಾಗ."

"ಸುಳ್ಳು. ಹಾಸ್ಟೆಲ್‌ನಾಗ ಕೇಳಿಯೇ ಬಂದೀನಿ. ಎಂಟರ ತನಕ ನೀನು ಇರಲಿಲ್ಲಂತ."

ಅವನ ಮುಖ ಕೆಂಪಾಯಿತು. "ನೀವೇನು ಪೊಲೀಸ್ರೇನು ಆಂಟಿ? ನಾನು ಕದ್ದಿಲ್ಲ. ಅಷ್ಟಾ." ಅರ್ಧ ಚಹಾ ಬಿಟ್ಟು ಎದ್ದು ಹೋದ.

ಎದ್ದು ಹೋದವನ ಅಂಗಿಯ ತೋಳಿನಲ್ಲಿ ಅರಿಶಿನದ ಕಲೆ. ಬಲಗೈ ಹೆಬ್ಬೆರಳಿನಲ್ಲಿ ಸಣ್ಣ ಸಣ್ಣ ಗೀರು. ಇಪ್ಪತ್ತೈದು ವರ್ಷ ಈಳಿಗೆಮಣೆಯ ಮುಂದೆ ಕೂತವಳಿಗೆ ಆ ಗೀರುಗಳು ಗೊತ್ತು.

ಅಡುಗೆಗೆ ಹುಡುಗರನ್ನು ಇಟ್ಟುಕೊಳ್ಳುವ ಹೋಮ್‌ಸ್ಟೇಗಳಿದ್ದ ಕಡ್ಡಿರಾಂಪುರಕ್ಕೆ ನಡೆದು ಹದಿನೈದು ನಿಮಿಷ. ಬಿಸಿಲು ನೆತ್ತಿಗೇರಿತ್ತು. ಮೂರನೇ ಹೋಮ್‌ಸ್ಟೇಯಲ್ಲಿ ಒಡತಿ ವಿರುಪಮ್ಮ ಬಾಯಿತುಂಬ ನಕ್ಕಳು.

"ಮಾರೇಶನ? ದಿನಾ ಸಂಜಿ ಬರ್ತಾನ್ರಿ. ಪಲ್ಯ ಹೆಚ್ತಾನ, ಫಾರಿನ್‌ನವ್ರಿಗೆ ಚಪಾತಿ ಮಾಡ್ತಾನ. ಮಸ್ತ್ ಮಾಡ್ತಾನ. ನಿನ್ನೆ ನಾಕೂವರಿಗೇ ಬಂದು ನಮ್ಮ ರೂಮಿಂದು ಫೋಟೋ ಹೊಡದು ಕೊಟ್ಟ. ಕಾಲೇಜಿನ ಕ್ಯಾಮೆರಾ ಅಂತ, ಯಾರಿಗೂ ಹೇಳಬ್ಯಾಡ್ರಿ ಅಂದಿದ್ದ. ಅಯ್ಯ, ಹೇಳೇಬಿಟ್ನಲ್ಲ!"

ನಾಲ್ಕು ಹತ್ತಕ್ಕೆ ಕೀಲಿ, ನಾಲ್ಕೂವರೆಗೆ ಇಲ್ಲಿ, ಎಂಟರ ತನಕ ಒಲೆಯ ಮುಂದೆ. ನಡುವೆ ನೋಟ್‌ಬುಕ್ ಕದ್ದು ಬಚ್ಚಿಡಬಹುದು. ಆದರೆ ನೆರೆದವರ ಎದುರು ಅದನ್ನು ಓದಿ, ಎರಡು ಹಾಳೆ ಬರೆಯಲು ಹೊತ್ತೆಲ್ಲಿ? ಆಮೇಲೆ ಹಾಸ್ಟೆಲಿನ ಆರು ಜನರ ಕೋಣೆಯಲ್ಲಿ? ಅವನು ಮುಚ್ಚಿಟ್ಟದ್ದು ಕಳ್ಳತನವನ್ನಲ್ಲ, ಅಡುಗೆಮನೆಯನ್ನು. ಗಂಡುಹುಡುಗ ಚಪಾತಿ ಲಟ್ಟಿಸಿ ಓದುತ್ತಾನೆಂದು ಗೊತ್ತಾದರೆ ಗೆಳೆಯರು ನಕ್ಕಾರು ಎಂಬ ಭಯ. ಅಷ್ಟೇ.

ಗಂಟೆ ಒಂದೂವರೆ. ಕೈಯಲ್ಲಿದ್ದ ಒಂದೇ ಎಳೆಯೂ ಜಾರಿತ್ತು.

\*

ದೇವಿಕಾ ಮೇಡಂ ಅವಳಿಗಾಗಿ ಕಾಯುತ್ತಿದ್ದರು. "ಭುವನೇಶ್ವರಿ, ಈ ಪತ್ರವನ್ನು ಸಮಿತಿಗೆ ಟೈಪ್ ಮಾಡಿಕೊಡಬೇಕು. ಮೂಲವನ್ನು ಲಕೋಟೆಗೆ ಹಾಕ್ತೀನಿ. ನಿಮ್ಮಷ್ಟು ಬೇಗ ಇಲ್ಲಿ ಯಾರೂ ಟೈಪ್ ಮಾಡಲ್ಲ."

ಅವಳು ಕಂಪ್ಯೂಟರಿನ ಮುಂದೆ ಕೂತಳು. ಹಾಳೆಗಳನ್ನು ಕೀಬೋರ್ಡಿನ ಎಡಕ್ಕೆ ಇಟ್ಟಳು. ಎಡಗೈ ತನ್ನಷ್ಟಕ್ಕೆ ತಾನೇ ಹೋಗಿ ಹಾಳೆಯ ಮೇಲ್ಭಾಗವನ್ನು ಒತ್ತಿ ಹಿಡಿಯಿತು.

ಅಲ್ಲಿ ಅಕ್ಷರಗಳೇ ಇರಲಿಲ್ಲ. ಅಂಗೈ ಪೂರ್ತಿ ಖಾಲಿ ಜಾಗದ ಮೇಲೆ ಕೂತಿತ್ತು.

ಅವಳು ಎರಡನೇ ಹಾಳೆಯನ್ನು ಎಳೆದು ಪಕ್ಕಕ್ಕೆ ಇಟ್ಟಳು.

ಹನ್ನೊಂದು ವರ್ಷ ಈ ಅಂಗೈ ಹೀಗೆಯೇ ಕೂತಿತ್ತು. ಕಂಪ್ಲಿ, ಸಂಡೂರು, ಕಮಲಾಪುರ. ಮಧ್ಯಾಹ್ನದ ಬಸ್ಸಿನಲ್ಲಿ ಕಂಡಕ್ಟರ ಕೈಲಿ ಕವರುಗಳು ಬರುತ್ತಿದ್ದವು. ಕವರಿನೊಳಗೆ ಊರಿನ ವರದಿಗಾರರ ಕೈಬರಹ. ಮೊದಲ ಹಾಳೆಯ ಮೇಲಿನ ಮೂರನೇ ಒಂದು ಭಾಗ ಅವರು ಖಾಲಿ ಬಿಡಬೇಕು. ಉಪಸಂಪಾದಕರು ಅಲ್ಲಿ ಕೆಂಪು ಇಂಕಿನಲ್ಲಿ ತಲೆಬರಹ ಬರೆಯುತ್ತಿದ್ದರು. ಎಡಕ್ಕೆ ಅಗಲವಾದ ಅಂಚು, ತಿದ್ದುವುದಕ್ಕೆ. ಹಾಳೆಯ ಒಂದೇ ಬದಿ. ಒಂದು ಪ್ಯಾರಾವನ್ನು ಎರಡು ಹಾಳೆಗೆ ಒಡೆಯುವಂತಿಲ್ಲ, ಯಾಕೆಂದರೆ ಅವಸರದ ದಿನ ಒಂದೊಂದು ಹಾಳೆ ಒಬ್ಬೊಬ್ಬ ಟೈಪಿಸ್ಟಿಗೆ ಹೋಗುತ್ತಿತ್ತು. ಜಾಗ ಉಳಿದರೆ ಉಳಿಯಲಿ, ಮುಂದಿನ ಪ್ಯಾರಾ ಮುಂದಿನ ಹಾಳೆಗೆ.

ಅಕ್ಷರ ಮರೆಮಾಚಿದವನು ಹಾಳೆಯನ್ನು ಮರೆಮಾಚಿರಲಿಲ್ಲ.

ಫೋನಿನಲ್ಲೇ ಸುದ್ದಿ ಬರೆದು ಕಳಿಸುವ ಇಂದಿನ ಹುಡುಗರಿಗೆ ಈ ಶಿಸ್ತು ಗೊತ್ತೇ ಇಲ್ಲ. ಇದು ಹಳೆಯ ಕೈ.

ಅವಳು ಪಾಲಪ್ಪನನ್ನು ಕರೆದಳು.

"ಹುಡುಗ್ರು ಯಾರೂ ಕೀಲಿ ಒಯ್ದಿಲ್ಲ ಅಂದಿ. ಸರ್‌ಗಳು?"

"ಸರ್‌ಗಳ ಹೆಸರು ನಾನು ಹೆಂಗ ಬರಸ್ಲವ್ವ? ನಿನ್ನೆ ಐದಕ್ಕ ಜಂಬುನಾಥ್ ಸರ್ ಒಯ್ದು ಹತ್ತು ನಿಮಿಷಕ್ಕ ತಂದುಕೊಟ್ರು. ಅವ್ರು ಕಂಪ್ಲಿ ಬಸ್ಸಿಗೆ ಹೋಗಬೇಕಲ್ಲ." ಅವನು ತಲೆ ಕೆರೆದುಕೊಂಡ. "ನೀನು ಕೇಳಿದ್ದು ಹುಡುಗ್ರನ್ನೇ ಅಂದುಕೊಂಡೆ."

\*

ನಾಲ್ಕು ಗಂಟೆ. ದೇವಿಕಾ ಮೇಡಂ, ಬಳ್ಳಾರಿಯಿಂದ ಬಂದ ಪರೀಕ್ಷಕರು, ಅತಿಥಿ ಉಪನ್ಯಾಸಕ ಜಂಬುನಾಥ್. ಎದುರಿಗೆ ಅಂಜಲಿ, ಮಾರೇಶ್, ಬಾಗಿಲ ಹತ್ತಿರ ಪಾಲಪ್ಪ.

ಜಂಬುನಾಥ್ ಸರ್ ಅಂದರೆ ಹುಡುಗರಿಗೆ ಜೀವ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಕಂಪ್ಲಿಯಲ್ಲಿ ಆ ಸಂಜೆ ಪತ್ರಿಕೆಗೇ ಹದಿನೈದು ವರ್ಷ ವರದಿಗಾರರಾಗಿದ್ದರು ಎನ್ನುವುದು ಎಲ್ಲರಿಗೂ ಗೊತ್ತು. 'ಸ್ಥಳಕ್ಕ ಹೋಗದ ಒಂದಕ್ಷರ ಬರೀಬ್ಯಾಡ್ರಿ' ಎಂಬ ಅವರ ಮಾತನ್ನು ಮಾರೇಶ್ ನೋಟ್ಸಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದ.

ಭುವನೇಶ್ವರಿ ಒಳಗೆ ಬರುವ ಮೊದಲೇ ದೇವಿಕಾರ ಹತ್ತಿರ ಒಂದು ಮಾತು ಕೇಳಿಕೊಂಡಿದ್ದಳು. ಕಪಾಟು ಬಳಸುವ ಎಲ್ಲರಿಂದ ನಿನ್ನೆ ಬೆಳಿಗ್ಗೆಯಿಂದ ಸಂಜೆಯ ತನಕ ಏನು ಮಾಡಿದಿರಿ ಅಂತ ಕೈಯಲ್ಲಿ ಬರೆಸಿ ಎಂದು. "ಅಕ್ಷರ ತಿರುಚಿ ಬರೆದಿದ್ದಾರೆ, ಹೋಲಿಸಿ ಏನು ಸಿಗುತ್ತೆ?" ಎಂದಿದ್ದರು ದೇವಿಕಾ. "ನಾನು ಅಕ್ಷರ ನೋಡಲ್ಲ ಮೇಡಂ," ಎಂದಿದ್ದಳು ಇವಳು.

ಬಿಳಿ ಹಾಳೆಗಳನ್ನು ಹಂಚಿದರು. ಹತ್ತು ನಿಮಿಷ ಪೆನ್ನುಗಳ ಸದ್ದು. ಮಾರೇಶ್ ನಡುವೆ ಒಮ್ಮೆ ಭುವನೇಶ್ವರಿಯ ಮುಖ ನೋಡಿ, ನಿಟ್ಟುಸಿರು ಬಿಟ್ಟು ಮತ್ತೆ ಬರೆದ. ಜಂಬುನಾಥ್ ಮುಗುಳ್ನಗುತ್ತಲೇ ಬರೆದುಕೊಟ್ಟರು.

ಭುವನೇಶ್ವರಿ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಓದಬ್ಯಾಡ್ರಿ. ಸುಮ್ನ ನೋಡ್ರಿ."

ಅಂಜಲಿಯದು ಹಾಳೆಯ ನೆತ್ತಿಯಿಂದ ಶುರುವಾಗಿ ಬುಡದವರೆಗೆ ತುಂಬಿತ್ತು. ಮಾರೇಶನದು ಹಿಂದೆ ಮುಂದೆ ಎರಡೂ ಬದಿ, ಅಂಚೇ ಇಲ್ಲ. ಪಾಲಪ್ಪನದು ಮೂರು ಸಾಲು, ಅದೂ ಮೇಲ್ತುದಿಗೆ ಅಂಟಿಕೊಂಡು.

ನಾಲ್ಕನೆಯದು ಎರಡು ಹಾಳೆ. ಮೇಲಿನ ಮೂರನೇ ಒಂದು ಭಾಗ ಖಾಲಿ. ಎಡಕ್ಕೆ ಮೂರು ಬೆರಳು ಅಂಚು. ಮೊದಲ ಹಾಳೆಯ ಕೊನೆಯಲ್ಲಿ ಪ್ಯಾರಾ ಮುಗಿದು ಜಾಗ ಉಳಿದಿತ್ತು. ಹಿಂಬದಿ ಬಿಳಿ.

ಅದರ ಪಕ್ಕಕ್ಕೆ ಅವಳು ಅನಾಮಧೇಯ ಪತ್ರ ಇಟ್ಟಳು.

ದೇವಿಕಾ ಎರಡನ್ನೂ ನೋಡಿದರು, ಆಮೇಲೆ ಜಂಬುನಾಥರನ್ನು.

"ಇದೇನು ಪುರಾವೆನಾ?" ಜಂಬುನಾಥರ ನಗು ಸ್ವಲ್ಪ ಮಾತ್ರ ಉಳಿದಿತ್ತು. "ಹಳೇ ವರದಿಗಾರರು ಎಲ್ಲಾರೂ ಹಿಂಗ ಬರೀತಾರವ್ವ."

"ಹೌದು ಸರ್, ಎಲ್ಲಾರೂ. ಆದ್ರ ನಿನ್ನೆ ಐದು ಗಂಟೆಗೆ ಕೀಲಿ ಒಯ್ದ ಹಳೇ ವರದಿಗಾರರು ಒಬ್ರೇ. ಪಾಲಪ್ಪ ಹೇಳ್ಯಾನ. ನೀವು ಬರದ ಹಾಳಿಯೊಳಗ ಆ ಐದು ಗಂಟೆ ಇಲ್ಲ, ನಾಕೂವರಿಗೆ ಬಸ್ ಹತ್ತಿದೆ ಅಂತೈತಿ. ಇನ್ನೊಂದು. ನೋಟ್‌ಬುಕ್ ಓದಿದವರಿಗೆ ಮಾತ್ರ ಗೊತ್ತಿದ್ದ ಕುಪ್ಪೆಯ ಮಾತು ಈ ಪತ್ರದಾಗೈತಿ. ಅಂಜಲಿ ಸಂಡೂರಿನ ವರದಿಗಾರ ಯಾರಂತ ನಿಮ್ಮನ್ನ ಕೇಳಿದ್ಲು. ನೆನಪಿಲ್ಲ ಅಂದ್ರಿ."

"ನಾನು ಕಂಪ್ಲಿಯಾಗಿದ್ದೆ."

"ಕಂಪ್ಲಿಯಾಗ ಇದ್ದು ಸಂಡೂರಿನ ಸುದ್ದಿನೂ ಕಳಿಸ್ತಿದ್ರಿ. ಆ ಸುದ್ದಿ ಕಂಪ್ಲಿ ಬಸ್ಸಿನಾಗ ಬಂತು ಸರ್." ಅವಳು ಪತ್ರದ ಮೇಲಿನ ಖಾಲಿ ಜಾಗದಲ್ಲಿ ಅಂಗೈ ಇಟ್ಟಳು. "ಸಂಡೂರಿನ ಸುದ್ದಿ ಕಂಪ್ಲಿ ಬಸ್ಸಿನಾಗ ಯಾಕ ಬಂತು ಅಂತ ಆವತ್ತೇ ನನಗ ಅನ್ನಿಸಿತ್ತು. ಕೇಳಲಿಲ್ಲ. ಅದನ್ನ ಟೈಪ್ ಮಾಡಿದಾಕಿ ನಾನೇ."

ಜಂಬುನಾಥ್ ಮೇಜಿನ ಮೇಲಿದ್ದ ತಮ್ಮ ಎರಡು ಹಾಳೆಗಳನ್ನೇ ನೋಡುತ್ತಿದ್ದರು, ಅವು ಬೇರೆ ಯಾರೋ ಬರೆದವು ಎಂಬಂತೆ. ಆಮೇಲೆ ಚೀಲಕ್ಕೆ ಕೈ ಹಾಕಿದರು. ನಲವತ್ತೊಂದನೇ ನಂಬರಿನ ನೋಟ್‌ಬುಕ್ ಮೇಜಿನ ಮೇಲೆ ಬಂತು.

"ಕಾಲುವಿಗೆ ಒಗೀಬೇಕಂತ ಮಾಡಿದ್ದೆ," ಅಂದರು. "ಪತ್ರ ಬರದಾದ ಮ್ಯಾಲೆ ಹದಿನೇಳನೇ ಪುಟ ಓದಿದೆ. ಒಗಿಯೋಕ ಆಗಲಿಲ್ಲ."

"ಯಾಕೆ ಜಂಬುನಾಥ್?" ದೇವಿಕಾ ಕೇಳಿದರು.

"ಆ ದಿನ ನಾನು ಹೋಗಲಿಲ್ಲ ಮೇಡಂ. ಮನಿಯಾಗ ಮಲಗಿದ್ದೆ. ಕಂತ್ರಾಟುದಾರ ಫೋನ್ ಮಾಡಿ ಲಾರಿ ಪಲ್ಟಿ ಅಂದ, ಮೂರು ಹೆಸರು ಹೇಳಿದ, ಬರಕೊಂಡೆ. ಆಮ್ಯಾಲೆ ಅದೇ ಪೇಪರ್ ತುಣುಕನ್ನ ಗಣಿಯವ್ರು ಎಲ್ಲಾ ಕಡಿ ಸಾಕ್ಷಿ ಅಂತ ತೋರಿಸಿದ್ರು. ನನಗ ಗೊತ್ತಾಯ್ತು. ಸುಮ್ನಿದ್ದೆ." ಅವರು ಅಂಜಲಿಯ ಕಡೆ ನೋಡಲಿಲ್ಲ. "ಇಲ್ಲಿ ಬಂದು ಆರು ವರ್ಷದಿಂದ ದಿನಾ ಇವ್ರಿಗೆ ಸ್ಥಳಕ್ಕ ಹೋಗ್ರಿ ಅಂತೀನಿ. ಈ ಹುಡುಗಿ ನನ್ನ ಮಾತು ಕೇಳಿ ಹೋಗೇಬಿಟ್ಲು."

ಮಾರೇಶ್ ತಲೆ ತಗ್ಗಿಸಿದ. ಅವನ ಕಣ್ಣು ತುಂಬಿದ್ದು ಭುವನೇಶ್ವರಿಗೆ ಮಾತ್ರ ಕಾಣಿಸಿತು.

ಪರೀಕ್ಷಕರು ನೋಟ್‌ಬುಕ್ ತೆರೆದರು. ಸೀಲು, ನಂಬರು, ತಾರೀಖು ಎಲ್ಲ ಸರಿಯಿತ್ತು. ಹಾಳೆಯೊಂದೂ ಹರಿದಿರಲಿಲ್ಲ. ಎಲ್ಲೂ ಆ ಹೆಂಗಸಿನ ಹೆಸರಿರಲಿಲ್ಲ. 'ಅವರು' ಎಂದಷ್ಟೇ ಬರೆದಿತ್ತು. ಹದಿನೇಳನೇ ಪುಟವನ್ನು ಅವರು ಮನಸ್ಸಿನಲ್ಲೇ ಓದಿ, ಆಮೇಲೆ ದೇವಿಕಾರ ಕಡೆ ತಳ್ಳಿದರು.

"ನಾಳೆ ಹತ್ತು ಗಂಟೆಗೆ ಬಾಮ್ಮ," ಅಂದರು ಅಂಜಲಿಗೆ. "ಹೆಸರು ನಾನು ಕೇಳೋದಿಲ್ಲ."

\*

ಬಸ್ ಸ್ಟಾಪಿನ ಕಲ್ಲು ಇನ್ನೂ ಬಿಸಿಯಾಗಿತ್ತು. ಹಂಪಿಯ ಕಡೆಯಿಂದ ಬಸ್ಸು ಬರುವುದು ತಡವಿತ್ತು. ಅಂಜಲಿ ಹದಿನೇಳನೇ ಪುಟ ತೆರೆದು ಭುವನೇಶ್ವರಿಯ ಮಡಿಲಲ್ಲಿ ಇಟ್ಟಳು. ಬೆಳಿಗ್ಗೆಯಿಂದ ಹುಡುಕಿದ ನೋಟ್‌ಬುಕ್ಕನ್ನು ಅವಳು ಓದುತ್ತಿದ್ದುದು ಈಗಲೇ.

'ಪೇಪರಿನವ್ರು ಬರ್ತಾರ ಅಂದ್ರು. ಅದಕ್ಕ ಸಂಜಿ ತನಕ ಹೆಣ ಎತ್ತಗೊಡಲಿಲ್ಲ ನಾವು. ಬಿಸಿಲಾಗ ಕುಂತ್ವಿ. ಮೂಗಿನಾಗ, ಬಾಯಾಗ ಕೆಂಪು ಮಣ್ಣಿತ್ತು. ಲಾರಿ ಬಿದ್ರ ಬಾಯಾಗ ಮಣ್ಣು ಹೆಂಗ ಬರ್ತೈತಿ? ಬಂದು ಒಂದ್ಸಲ ನೋಡಿದ್ರ ಸಾಕಿತ್ತು. ಯಾರೂ ಬರಲಿಲ್ಲ.'

ಭುವನೇಶ್ವರಿ ಎರಡು ಸಲ ಓದಿದಳು. ಆ ದಿನ ಅವಳು ಆ ಸುದ್ದಿಯನ್ನು ಐದು ನಿಮಿಷದಲ್ಲಿ ಟೈಪು ಮಾಡಿದ್ದಳು. ಮಗಳಿಗೆ ಜ್ವರವಿತ್ತು, ಬೇಗ ಮನೆಗೆ ಹೋಗಬೇಕಿತ್ತು. ತಪ್ಪಿಲ್ಲದೆ ಟೈಪು ಮಾಡಿದ್ದಕ್ಕೆ ಸಂಪಾದಕರು ಹೊಗಳಿದ್ದರು.

"ಅಕ್ಕ, ನೀನು ಬರೇ ಟೈಪ್ ಮಾಡಿದ್ದಿ," ಅಂದಳು ಅಂಜಲಿ.

"ಹಂಗಂತ ನಾನೂ ಇಷ್ಟು ವರ್ಷ ಅಂದ್ಕೊಂಡಿದ್ದೆ." ಅವಳು ಪುಟ ತಿರುವಿದಳು. ಮೂವತ್ತೆರಡನೇ ಪುಟದಲ್ಲಿ ಒಂದೇ ಸಾಲು ಇತ್ತು. 'ಈ ಸುದ್ದಿ ಪತ್ರಿಕೆಗೆ ಹೋದದ್ದು ಹೇಗೆ? ಪತ್ತೆ ಮಾಡಬೇಕು.' ಅದರ ಕೆಳಗೆ ಸೀಲು ಬಿದ್ದ ಖಾಲಿ ಜಾಗ.

"ಪೆನ್ ತಗಿ. ಕವರ್ ಯಾವ ಬಸ್ಸಿನಾಗ ಬಂತು, ಎಷ್ಟು ಹಾಳಿ ಇತ್ತು, ತಲೆಬರಹ ಯಾರು ಬರದ್ರು, ನಾನು ಏನು ಕೇಳಲಿಲ್ಲ. ಎಲ್ಲಾ ಹೇಳ್ತೀನಿ."

ಅಂಜಲಿ ಪೆನ್ನು ತೆಗೆದಳು. ಹಾಳೆಗೆ ತಾಗಿಸಿದವಳು ತಡೆದಳು. ಕಲಿತ ಪಾಠ ನೆನಪಾಯಿತೇನೋ. ತಲೆಯೆತ್ತಿ ಕೇಳಿದಳು.

"ನಿನ್ನ ಹೆಸರು ಹಾಕ್ಲಾ, ಬ್ಯಾಡಾ?"

ದೂರದ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಇನ್ನೂ ಒಂದೆರಡು ನಿಮಿಷ ಇತ್ತು.

"ಹಾಕು," ಅಂದಳು ಭುವನೇಶ್ವರಿ. "ಪೂರ್ತಿ ಹಾಕು."